‘ಪ್ರಯಾರಿಟಿ ಡೇಟ್’: ಕನ್ನಡದಲ್ಲಿ ಯಾವ ಪದ ಬಳಸಬೇಕು? (ತುರ್ತು)

ಎಡಿಸನ್, ನ್ಯೂಜೆರ್ಸಿಯಿಂದ:

ಮಾನ್ಯರೆ,

ಅಮೆರಿಕದ ಪೌರರಾದ ಕನ್ನಡಿಗರು ಊರಿನಲ್ಲಿರುವ ತಮ್ಮ ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಐ-130 ನಮೂನೆಯನ್ನು ಸಲ್ಲಿಸಿದ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿಸುವ ಮಾಹಿತಿ ಪತ್ರವೊಂದನ್ನು ನಾವು ಕೆಲವರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಶುಕ್ರವಾರ ಅದು ಅಚ್ಚಿಗೆ ಹೋಗಬೇಕು. ಓದುವವರು ಮಂಡ್ಯ, ಹಾಸನ, ಗದಗದ ಕಡೆಯ ಹಿರಿಯರು. ಇಂಗ್ಲಿಷ್ ಪತ್ರ ಬಂದರೆ ಬೇರೆಯವರಿಂದ ಓದಿಸಿಕೊಳ್ಳಬೇಕಾದವರು.

ನಮೂನೆಯು ವಲಸೆ ಇಲಾಖೆಗೆ ಕ್ರಮಬದ್ಧವಾಗಿ ಸಲ್ಲಿಕೆಯಾದ ದಿನವೇ ‘ಪ್ರಯಾರಿಟಿ ಡೇಟ್’. ಒಡಹುಟ್ಟಿದವರ ವರ್ಗಕ್ಕೆ ವರ್ಷಕ್ಕೆ ಇರುವುದು ಸುಮಾರು 65,000 ವೀಸಾ, ಮತ್ತು ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಒಟ್ಟು ವೀಸಾಗಳಲ್ಲಿ ಶೇ. 7ಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ, ಭಾರತದಲ್ಲಿ ಹುಟ್ಟಿದವರು ಹದಿನೈದು ವರ್ಷಕ್ಕೂ ಮೀರಿ ಕಾಯಬೇಕಾಗಿದೆ. ಅಮೆರಿಕದ ವಿದೇಶಾಂಗ ಇಲಾಖೆಯು ಪ್ರತಿ ತಿಂಗಳು ‘ವೀಸಾ ಬುಲೆಟಿನ್’ನಲ್ಲಿ ಒಂದು ದಿನಾಂಕವನ್ನು ಪ್ರಕಟಿಸುತ್ತದೆ. ನಮ್ಮ ದಿನಾಂಕ ಅದಕ್ಕಿಂತ ಹಿಂದಿನದಾಗಿದ್ದರೆ ಮಾತ್ರ ಕಡತ ಮುಂದೆ ಸಾಗುತ್ತದೆ.

ಕರಡಿನಲ್ಲಿ ‘ಆದ್ಯತಾ ದಿನಾಂಕ’ ಎಂದು ಬರೆದಿದ್ದೆವು. ಆದರೆ ಈ ವರ್ಗದ ಹೆಸರೇ ‘ಫೋರ್ತ್ ಪ್ರಿಫರೆನ್ಸ್’. ಅದೂ ಕನ್ನಡದಲ್ಲಿ ‘ನಾಲ್ಕನೆಯ ಆದ್ಯತೆ’ ಎಂದಾಗುತ್ತದೆ. ಎರಡು ಬೇರೆ ಸಂಗತಿಗಳಿಗೆ ಒಂದೇ ಪದ ಬಂದು ಕುಳಿತಿದೆ. ಕರಡನ್ನು ಓದಿದ ಒಬ್ಬ ಹಿರಿಯರಂತೂ ಅದನ್ನು ಸಂದರ್ಶನದ ದಿನವೆಂದೇ ತಿಳಿದರು. ‘ಪರ್ಮನೆಂಟ್ ರೆಸಿಡೆಂಟ್’ ಎಂಬುದಕ್ಕೂ ‘ಶಾಶ್ವತ ನಿವಾಸಿ’, ‘ಖಾಯಂ ನಿವಾಸಿ’ ಎರಡರಲ್ಲಿ ಯಾವುದು ಸರಿ ಎಂದು ದಯವಿಟ್ಟು ತಿಳಿಸಿ.

ಧಾರವಾಡದಿಂದ:

‘ಆದ್ಯತೆ’ ಸಲ್ಲದು. ಕಾಯುವವನಿಗೆ ಯಾರೂ ಆದ್ಯತೆ ಕೊಟ್ಟಿಲ್ಲ. ಅವನು ಸಾಲಿನಲ್ಲಿ ನಿಂತಿದ್ದಾನೆ, ಅಷ್ಟೆ. ನಮ್ಮ ಕಡೆ ಪಡಿತರದ ಅಂಗಡಿಯ ಮುಂದೆ ಜನ ‘ಪಾಳಿ ಹಚ್ಚುತ್ತಾರೆ’. ‘ಪಾಳಿ ಹಚ್ಚಿದ ದಿನ’ ಎಂದು ಬರೆಯಿರಿ, ಅರ್ಥವಾಗದವರು ಒಬ್ಬರೂ ಇರುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ ಇದೆ. ‘ವಲಸೆ’ ನಮ್ಮ ಬೇರಿನ ಪದ. ತಮಿಳಿನಲ್ಲಿ ವಲಸೈ, ತೆಲುಗಿನಲ್ಲಿ ವಲಸ, ನಮ್ಮಲ್ಲಿ ವಲಸೆ, ಅದರಿಂದ ವಲಸಿಗ. ಇಂಥ ಪದ ಕೈಯಲ್ಲಿರುವಾಗ ಅದರ ಜೋಡಿಯಾಗಿ ‘ನೆಲಸು’ ಎಂಬ ಕ್ರಿಯಾಪದದಿಂದ ‘ನೆಲಸಿಗ’ ಎಂದು ಮಾಡಿಕೊಳ್ಳದೆ, ಸಂಸ್ಕೃತದ ಶಾಶ್ವತವೋ ಅರಬ್ಬಿಯ ಖಾಯಮ್ಮೋ ಎಂದು ಕೇಳುವುದೇ ಸರಿಯಲ್ಲ. ವೀಸಾಕ್ಕೂ ‘ಒಳಬರುವ ಒಪ್ಪಿಗೆ’ ಎನ್ನಬಹುದು. ಎರವಲು ತಂದ ಪ್ರತಿಯೊಂದು ಪದವೂ ನಮ್ಮ ಒಂದು ಪದವನ್ನು ಬಳಕೆಯಿಂದ ಹೊರಗೆ ತಳ್ಳುತ್ತದೆ.

ಮೈಸೂರಿನಿಂದ:

ಧಾರವಾಡದ ಮಿತ್ರರ ಸಲಹೆಯನ್ನು ಒಪ್ಪಲಾರೆ. ನಮ್ಮ ಕಡೆ ‘ಪಾಳಿ’ ಎಂದರೆ ಕಾರ್ಖಾನೆಯ ಪಾಳಿ, ರಾತ್ರಿ ಪಾಳಿ. ಮಂಡ್ಯದ ಓದುಗರು ‘ಪಾಳಿ ಹಚ್ಚಿದ ದಿನ’ ಎಂಬುದನ್ನು ಓದಿ ಏನೆಂದು ತಿಳಿಯಬೇಕು? ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಪದವಿದೆ: ಜ್ಯೇಷ್ಠತೆ. ನೌಕರರ ಜ್ಯೇಷ್ಠತಾ ಪಟ್ಟಿಯನ್ನು ನೋಡದ ಮನೆ ಕರ್ನಾಟಕದಲ್ಲಿ ಕಡಿಮೆ. ‘ಜ್ಯೇಷ್ಠತಾ ದಿನಾಂಕ’ ಎಂದರೆ ಮೊದಲು ಬಂದವರು ಮುಂದೆ ಎಂಬ ಅರ್ಥ ನೇರವಾಗಿ ಬರುತ್ತದೆ.

‘ನೆಲಸಿಗ’ ಕೇಳಲು ಚೆನ್ನಾಗಿದೆ, ಮಾಹಿತಿ ಪತ್ರಕ್ಕೆ ನಿರುಪಯುಕ್ತ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವುದು ವೀಸಾ. ಕಾನ್ಸುಲೇಟಿನ ಬಾಗಿಲಲ್ಲಿ ನಿಂತವರು ‘ಒಳಬರುವ ಒಪ್ಪಿಗೆ’ ಎಂಬ ಫಲಕವನ್ನು ಎಲ್ಲಿ ಹುಡುಕಬೇಕು? ಅರಬ್ಬಿ, ಪಾರ್ಸಿಯ ಪದಗಳನ್ನು ಹೊರಗಿಟ್ಟರೆ ಅರ್ಜಿ ಹಾಕಲಾಗದು, ಆದೇಶ ಜಾರಿಯಾಗದು, ರದ್ದೂ ಆಗದು, ವಕೀಲರನ್ನು ಕರೆಯಲೂ ಆಗದು. ನಮ್ಮ ಅರ್ಜಿ ನಮೂನೆಗಳಲ್ಲಿ ‘ಖಾಯಂ ವಿಳಾಸ’ ಎಂಬ ಅಂಕಣವನ್ನು ತುಂಬಿಯೇ ಎಲ್ಲರೂ ಬೆಳೆದಿದ್ದೇವೆ. ‘ಶಾಶ್ವತ’ ಮಾತ್ರ ಬೇಡ. ಖಾಯಂ ನಿವಾಸಿಗೆ ಕೊಡುವ ಗ್ರೀನ್ ಕಾರ್ಡನ್ನು ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ನವೀಕರಿಸಬೇಕು; ಮರುಪ್ರವೇಶದ ಅನುಮತಿ ಪಡೆಯದೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹೊರಗಿದ್ದರೆ ಮರಳಿ ಬರಲು ಆ ಕಾರ್ಡೊಂದೇ ಸಾಕಾಗುವುದಿಲ್ಲ. ಒಮ್ಮೆ ದೊರೆತದ್ದು ಎಂದಿಗೂ ಹೋಗದು ಎಂದು ನಂಬಿ ಊರಿನಲ್ಲಿ ಉಳಿದುಬಿಡುವ ಹಿರಿಯರಿಗೆ ‘ಶಾಶ್ವತ’ ಎಂಬ ಪದ ನೇರವಾಗಿ ಹಾನಿ ಮಾಡುತ್ತದೆ.

ಎಡಿಸನ್‌ನಿಂದ:

ಇಬ್ಬರಿಗೂ ಕೃತಜ್ಞತೆಗಳು. ‘ಶಾಶ್ವತ’ವನ್ನು ಕೈಬಿಟ್ಟಿದ್ದೇವೆ, ಮೈಸೂರಿನವರು ಕೊಟ್ಟ ಕಾರಣವನ್ನೇ ಪತ್ರದಲ್ಲಿ ಒಂದು ವಾಕ್ಯವಾಗಿ ಸೇರಿಸುತ್ತೇವೆ.

‘ಜ್ಯೇಷ್ಠತಾ ದಿನಾಂಕ’ವನ್ನು ಮಾತ್ರ ಬಳಸಲಾಗುವುದಿಲ್ಲ. ಈ ಪತ್ರ ಅಣ್ಣತಮ್ಮಂದಿರು, ಅಕ್ಕತಂಗಿಯರ ಕುರಿತದ್ದು. ಮನೆಮಾತಿನಲ್ಲಿ ಜ್ಯೇಷ್ಠನೆಂದರೆ ಹಿರಿಯ ಮಗ. ಆ ಪದವನ್ನು ಕಂಡವರು ದೊಡ್ಡಣ್ಣನ ಕಡತ ಮೊದಲು, ಕಿರಿಯ ತಂಗಿಯದು ಆಮೇಲೆ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಯಾರ ನಮೂನೆ ಮೊದಲು ಸಲ್ಲಿಕೆಯಾಯಿತೋ ಅವರದೇ ಮೊದಲು. ವಯಸ್ಸಿನ ಪ್ರಶ್ನೆ ಬರುವುದು ಇನ್ನೊಂದು ಕಡೆ: ಅವರ ಮಕ್ಕಳು ಅವಿವಾಹಿತರಾಗಿ 21 ವರ್ಷದ ಒಳಗಿದ್ದರೆ ಮಾತ್ರ ಜೊತೆಗೆ ಬರಬಹುದು, ಐ-130 ಇಲಾಖೆಯ ಪರಿಶೀಲನೆಯಲ್ಲಿದ್ದ ಅವಧಿಯನ್ನು ಆ ವಯಸ್ಸಿನಿಂದ ಕಳೆಯಲು 2002ರ ಕಾಯಿದೆ ಅವಕಾಶ ಕೊಟ್ಟಿದೆ. ಕಾಯುವಿಕೆ ಇಷ್ಟು ದೀರ್ಘವಾಗಿರುವುದರಿಂದ ಎಷ್ಟೋ ಮಕ್ಕಳು ಅದನ್ನೂ ಮೀರಿ ಹೊರಗುಳಿಯುತ್ತಾರೆ. ಅದೇ ಪುಟದಲ್ಲಿ ‘ಜ್ಯೇಷ್ಠತೆ’ಯೂ ಇದ್ದರೆ ಗೊಂದಲ ಇನ್ನೂ ಹೆಚ್ಚುತ್ತದೆ.

ಹೀಗಾಗಿ ‘ಸರದಿ ದಿನಾಂಕ’ ಎಂದು ಇಟ್ಟುಕೊಳ್ಳೋಣ ಎನಿಸಿದೆ. ‘ಸರದಿ’ ಗದಗಿಗೂ ಮಂಡ್ಯಕ್ಕೂ ತಿಳಿಯುತ್ತದೆ, ‘ನಾಲ್ಕನೆಯ ಆದ್ಯತೆ’ಯೊಡನೆ ಬೆರೆತುಹೋಗುವುದಿಲ್ಲ, ಮತ್ತು ಬುಲೆಟಿನ್ನಿನ ದಿನಾಂಕ ಕೆಲವೊಮ್ಮೆ ಹಿಂದಕ್ಕೆ ಹೋಗುವುದನ್ನೂ ‘ಸರದಿ ಹಿಂದೆ ಸರಿಯಿತು’ ಎಂದು ಸರಳವಾಗಿ ಹೇಳಬಹುದು. ಅಮೆರಿಕದಲ್ಲಿರುವವರು ಸಲ್ಲಿಸುವ ಐ-130ಕ್ಕೆ ‘ಮನವಿ’ ಎಂದೂ, ಸರದಿ ಬಂದ ಮೇಲೆ ಊರಿನವರು ತಾವೇ ಸಲ್ಲಿಸುವುದಕ್ಕೆ ‘ವೀಸಾ ಅರ್ಜಿ’ ಎಂದೂ ಬೇರೆ ಬೇರೆಯಾಗಿಯೇ ಬರೆಯುತ್ತೇವೆ. ಎರಡಕ್ಕೂ ‘ಅರ್ಜಿ’ ಎಂದು ಬರೆದಾಗ, ಒಮ್ಮೆ ಹಾಕಿಯಾಗಿದೆಯಲ್ಲ ಎಂದು ಜನ ಎರಡನೆಯದನ್ನು ಬಿಟ್ಟುಬಿಡುವ ಅಪಾಯವಿದೆ. ಆಕ್ಷೇಪವಿದ್ದರೆ ನಾಳೆಯೊಳಗೆ ತಿಳಿಸಿ.

ಧಾರವಾಡದಿಂದ:

‘ಸರದಿ’ಗೆ ನನ್ನ ಒಪ್ಪಿಗೆ ಇದೆ. ‘ನೆಲಸಿಗ’ವನ್ನು ಇವತ್ತು ಬಿಟ್ಟರೂ ಅದನ್ನು ಬಳಸುತ್ತಲೇ ಇರುತ್ತೇನೆ, ಬಳಸದೆ ಯಾವ ಪದವೂ ಬಳಕೆಗೆ ಬಂದಿಲ್ಲ. ಅರಬ್ಬಿಯ ಪದವನ್ನು ಇಟ್ಟುಕೊಳ್ಳಲೇಬೇಕಾದರೆ ‘ಕಾಯಂ ನಿವಾಸಿ’ ಎಂದು ಬರೆಯಿರಿ. ಮೂಲದಲ್ಲಿ ಮಹಾಪ್ರಾಣವಿಲ್ಲ, ನಮ್ಮ ಉಚ್ಚಾರದಲ್ಲೂ ಇಲ್ಲ. ‘ಖ’ ಎಲ್ಲಿಂದ ಬಂತು?