38 ಟಿಕ್ ಬಾಕ್ಸ್ ಇವೆ, ತೆಗೆದರೆ ಹಳಬರು ಬಿಡಲ್ಲ. ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ರಾಶಿ ಫೈಲುಗಳ ಹೆಸರನ್ನು ಒಟ್ಟಿಗೆ ಬದಲಿಸುವ ಡೆಸ್ಕ್‌ಟಾಪ್ ಆ್ಯಪ್ ಮಾಡಿದ್ದೇನೆ. ಕೇಳಿದವರಿಗೆಲ್ಲ ಒಂದೊಂದು ಆಪ್ಷನ್ ಸೇರಿಸುತ್ತಾ ಹೋದೆ. ಈಗ ಸೆಟ್ಟಿಂಗ್ಸ್‌ನಲ್ಲಿ 38 ಟಿಕ್ ಬಾಕ್ಸ್ ಇವೆ. ಹೊಸಬರು ನೋಡಿದ ಕೂಡಲೇ ಗಾಬರಿಯಾಗಿ ಮುಚ್ಚುತ್ತಾರೆ. ಹೋದ ಸಲ ಆರು ತೆಗೆದೆ, ಹಳಬರು ಹಿಡಿದು ಉಗಿದರು. ‘ಸಿಂಪಲ್’, ‘ಎಕ್ಸ್‌ಪರ್ಟ್’ ಅಂತ ಎರಡು ಮೋಡ್ ಮಾಡಿಬಿಡಲಾ?

ಉತ್ತರ: ಬೇಡ. ತಾನು ಯಾವ ಗುಂಪಿಗೆ ಸೇರಿದವನು ಅಂತ ಯಾರಿಗೂ ಗೊತ್ತಿರಲ್ಲ. ವಿಎಲ್‌ಸಿ ಪ್ಲೇಯರ್‌ನ ಪ್ರಿಫರೆನ್ಸಸ್ ತೆರೆದು ನೋಡಿ. ಕೆಳಗೆ ‘ಸಿಂಪಲ್’, ‘ಆಲ್’ ಅಂತ ಎರಡಿವೆ. ಬೇಕಾಗಿದ್ದು ಒಂದೇ ಆಪ್ಷನ್, ಆದರೆ ‘ಆಲ್’ ಒತ್ತಿದರೆ ಇಡೀ ಅಟ್ಟವೇ ತಲೆ ಮೇಲೆ ಬೀಳುತ್ತದೆ.

ಒಂದು ಲೆಕ್ಕ ಹೇಳ್ತೀನಿ. ಒಂದೊಂದು ಬಾಕ್ಸೂ ಆನ್ ಇಲ್ಲವೇ ಆಫ್ ಇರಬಹುದು, ಹಾಗಾಗಿ ಹತ್ತು ಟಿಕ್ ಬಾಕ್ಸ್ ಅಂದರೆ 1024 ಜೋಡಣೆ. 38 ಅಂದರೆ 27 ಸಾವಿರ ಕೋಟಿಗೂ ಜಾಸ್ತಿ. ನೀವು ಟೆಸ್ಟ್ ಮಾಡಿರೋದು ಎಷ್ಟು? (ಟೀಮ್‌ನಲ್ಲಿ ಜಗಳ ಮುಗಿಯದಿದ್ದಾಗ ‘ಆಪ್ಷನ್ ಕೊಟ್ಟುಬಿಡಿ’ ಅಂತ ನಾನೂ ಎಷ್ಟೋ ಸಲ ಕೈ ತೊಳೆದುಕೊಂಡಿದ್ದೇನೆ.)

ಆ 38ರಲ್ಲಿ ಅರ್ಧಕ್ಕರ್ಧ ಸೆಟ್ಟಿಂಗೇ ಅಲ್ಲ ಅಂತ ನನ್ನ ಅಂದಾಜು. ‘ಸ್ಪೇಸ್ ಬದಲು ಅಂಡರ್‌ಸ್ಕೋರ್ ಹಾಕು’, ‘ಮುಂದೆ ತಾರೀಖು ಸೇರಿಸು’ ಇವೆಲ್ಲ ಕೆಲಸದ ಹಂತಗಳು. ಅವನ್ನು ಮುಖ್ಯ ಕಿಟಕಿಗೆ ತನ್ನಿ. ತೆರೆದಾಗ ಒಂದೇ ಸಾಲು ಇರಲಿ: ‘ಇದನ್ನು ಹುಡುಕು’, ‘ಇದನ್ನು ಹಾಕು’. ಪಕ್ಕದಲ್ಲಿ ಹಳೇ ಹೆಸರು, ಹೊಸ ಹೆಸರು ಎರಡೂ ಟೈಪ್ ಮಾಡ್ತಿದ್ದ ಹಾಗೇ ಕಾಣಲಿ. ಕೆಳಗೊಂದು ಪ್ಲಸ್ ಬಟನ್. ಹೊಸಬರು ಒಂದು ಸಾಲಿನಲ್ಲೇ ಮುಗಿಸಿ ಹೋಗುತ್ತಾರೆ, ಹಳಬರು ಏಳು ಸಾಲು ಪೇರಿಸಿ ಸೇವ್ ಮಾಡಿಕೊಳ್ಳುತ್ತಾರೆ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಬೇಕಾದವರಿಗೆ ಹುಡುಕುವ ಬಾಕ್ಸಿನ ತುದಿಯಲ್ಲೇ ಪುಟ್ಟ ಗುಂಡಿ ಸಾಕು, ಪ್ರೋಗ್ರಾಂ ಬರೆಯುವ ವಿಎಸ್ ಕೋಡ್ ಎಡಿಟರ್‌ನಲ್ಲಿ ಇದೆಯಲ್ಲ, ಹಾಗೆ.

‘ಅದೇ ಹೆಸರಿನ ಫೈಲ್ ಇದ್ದರೆ ಏನು ಮಾಡಲಿ’ ಅನ್ನೋದನ್ನು ಅದು ಎದುರಾದಾಗ ಕೇಳಿ. ಮೊದಲೇ ಕೇಳಿದರೆ ಯಾರಿಗೂ ತಲೆಬುಡ ಅರ್ಥವಾಗಲ್ಲ.

ಪ್ರಶ್ನೆ: ಸರಿ ಮೇಡಂ. ಉಳಿದ ಸೆಟ್ಟಿಂಗ್ಸ್‌ನಲ್ಲಿ ಯಾರೂ ಮುಟ್ಟದೇ ಇರೋದು ತಾನಾಗೇ ಅಡಗುವ ಹಾಗೆ ಮಾಡಿದರೆ?

ಉತ್ತರ: ಆಫೀಸ್ 2000ದ ಮೆನುಗಳಲ್ಲಿ ಅದನ್ನೇ ಮಾಡಿದ್ದರು. ಬಳಸದ ಐಟಂಗಳು ಮರೆಯಾಗುತ್ತಿದ್ದವು. ಆದರೆ ನಮ್ಮ ಕೈ ಕಲಿಯೋದು ಜಾಗವನ್ನು, ಹೆಸರನ್ನಲ್ಲ. ನಿನ್ನೆ ಮೂರನೇ ಸಾಲಿನಲ್ಲಿದ್ದದ್ದು ಇವತ್ತು ಅಲ್ಲಿಲ್ಲ ಅಂದರೆ ಸಿಟ್ಟು ಬರುತ್ತೆ, ಅಲ್ವಾ? ಜಾಗ ಕದಲಿಸಬೇಡಿ.

ಪ್ರಶ್ನೆ: ತೆಗೆದ ಆ ಆರು?

ಉತ್ತರ: ತೆರೆಯಿಂದ ಮಾತ್ರ ತೆಗೆಯಿರಿ. ಹಳಬರ ಕಾನ್ಫಿಗ್ ಫೈಲಿನಲ್ಲಿ (ಸೆಟ್ಟಿಂಗ್ಸ್ ಉಳಿಸಿಟ್ಟ ಫೈಲ್) ಅವು ಇದ್ದರೆ ಆ್ಯಪ್ ಸುಮ್ನೆ ಓದಿಕೊಂಡು ಮೊದಲಿನಂತೆ ನಡೆಯಲಿ. ಫೈರ್‌ಫಾಕ್ಸ್‌ನಲ್ಲೂ ‘ಅಬೌಟ್ ಕಾನ್ಫಿಗ್’ (ಮೆನುವಿನಲ್ಲಿ ಕಾಣದ ಸೆಟ್ಟಿಂಗ್ಸ್ ಪುಟ) ಅಂತ ಇಂಥದ್ದೇ ಹಿತ್ತಲ ಬಾಗಿಲಿದೆ. ಆದರೆ ಅಡಗಿಸಿಟ್ಟ ಆಪ್ಷನ್ನನ್ನೂ ಪ್ರತಿ ರಿಲೀಸ್‌ಗೆ ಟೆಸ್ಟ್ ಮಾಡಲೇಬೇಕು. ಅದಕ್ಕೇ ಆರಕ್ಕೆ ನಿಲ್ಲಿಸಿ, ಅರವತ್ತು ಮಾಡಬೇಡಿ.