ಪದಚರ್ಚೆ: ಚೀನೀ ನುಡಿಗಟ್ಟುಗಳಲ್ಲಿ ಅಂಗಿಯ ತೋಳು, ನಾರುಬಟ್ಟೆ, ಹಾಸುಹೊಕ್ಕು

ಪ್ರಶ್ನೆ: 'ಲಿಯಾಂಗ್ ಶಿಯು ಛಿಂಗ್ ಫೆಂಗ್' ಎಂಬ ಚೀನೀ ನುಡಿಗಟ್ಟನ್ನು 'ಎರಡು ತೋಳುಗಳಲ್ಲಿ ತಂಗಾಳಿ' ಎಂದು ಅನುವಾದಿಸಿದ್ದನ್ನು ನೋಡಿದೆ. ಲಂಚ ಮುಟ್ಟದವನು ಎಂಬ ಅರ್ಥ ಇದಕ್ಕೆ ಹೇಗೆ ಬಂತು? 'ಬು ಈ' ಎಂಬುದಕ್ಕೆ 'ಹತ್ತಿಬಟ್ಟೆ ತೊಟ್ಟವನು' ಎನ್ನಬಹುದೇ?

ಉತ್ತರ: 'ಶಿಯು' ಎಂದರೆ ಅಂಗಿಯ ತೋಳು. ಕನ್ನಡದಲ್ಲಿ ಮೈಯ ತೋಳಿಗೂ ಅದೇ ಪದ, ಹಾಗಾಗಿ ಅನುವಾದ ಮಂಕಾಗಿದೆ. ಹಳೆಯ ನಿಲುವಂಗಿಯ ಅಗಲ ತೋಳೇ ಜೇಬು. ಹಣ, ಕಾಗದ ಎಲ್ಲ ಅದರೊಳಗೆ. ಈ ಮಾತು ಹೆಸರಾದದ್ದು ಮಿಂಗ್ ಕಾಲದ ಅಧಿಕಾರಿ ಯು ಚಿಯೆನ್ (1398–1457) ಬರೆದ ಪದ್ಯದಿಂದ. ರಾಜಧಾನಿಗೆ ಹೋಗುವಾಗ ರೇಷ್ಮೆ ಕರವಸ್ತ್ರ, ಅಣಬೆ, ಊದುಬತ್ತಿ ಕಾಣಿಕೆ ಒಯ್ಯುವುದು ವಾಡಿಕೆ. ಅವು ಜನರಿಗೆ ಹೊರೆ, ನಾನು ತೋಳುಗಳಲ್ಲಿ ಬರೀ ಗಾಳಿ ಹೊತ್ತು ಹೋಗುತ್ತೇನೆ ಎಂದ. ಕನ್ನಡಕ್ಕೆ 'ಶುದ್ಧಹಸ್ತ' ಸರಿಹೊಂದುತ್ತದೆ. 'ಬರಿಗೈ' ಬೇಡ, ಅದರಲ್ಲಿ ಸೋಲಿನ ಛಾಯೆ ಇದೆ. 'ಕೈ, ಬಾಯಿ, ಕಚ್ಚೆ ಶುದ್ಧ' ಎಂದರೆ ಮೂಲದಲ್ಲಿಲ್ಲದ ಗುಣಗಳೂ ಸೇರಿಬಿಡುತ್ತವೆ.

'ಬು ಈ'ಗೆ ಹತ್ತಿ ತಪ್ಪು. ಮಧ್ಯ ಚೀನಾದಲ್ಲಿ ಹತ್ತಿ ಜನಸಾಮಾನ್ಯರ ಬಟ್ಟೆಯಾದದ್ದು ಯುವಾನ್, ಮಿಂಗ್ ಕಾಲದಲ್ಲಿ (13–17ನೇ ಶತಮಾನ). ಕ್ರಿ.ಶ. 227ರ ತನ್ನ ಬಿನ್ನವತ್ತಳೆಯಲ್ಲಿ ಶು ರಾಜ್ಯದ ಮಂತ್ರಿ ಝುಗ ಲಿಯಾಂಗ್ 'ನಾನು ಮೂಲತಃ ಬು ಈ, ನಾನ್‌ಯಾಂಗ್‌ನಲ್ಲಿ ಹೊಲ ಉಳುತ್ತಿದ್ದವನು' ಎಂದಾಗ 'ಬು' ಎಂದರೆ ಭಂಗಿ ಗಿಡದಂಥವುಗಳ ನಾರಿನ ಒರಟು ನೇಯ್ಗೆ. ರೇಷ್ಮೆ ಉಳ್ಳವರದು. ಹಾಗೆಂದು 'ನಾರುಮಡಿ' ಎಂದು ಬರೆದರೆ ಕೆಟ್ಟಿತು: ಕನ್ನಡ ಓದುಗನಿಗೆ ವನವಾಸದ ರಾಮ ಕಾಣುತ್ತಾನೆ, ಪದವಿಯಿಲ್ಲದ ರೈತನಲ್ಲ. ಓದಿದ್ದೂ ಅಧಿಕಾರ ಹಿಡಿಯದವನಿಗೂ ಚೀನೀಯರು ಈ ಪದ ಬಳಸುವುದರಿಂದ 'ಬಡವ' ಕೂಡ ಸಲ್ಲದು. 'ಪದವಿಯಿಲ್ಲದ ಸಾಮಾನ್ಯ' ಎನ್ನಿ.

ಕೆಲವಕ್ಕೆ ಕನ್ನಡದಲ್ಲಿ ಸಿದ್ಧಪದವೇ ಇದೆ. 'ಲಿಯೆನ್ ಜಿನ್' (ಕೂಡಿದ ಎದೆಸೆರಗುಗಳು) ನಮ್ಮ ಷಡ್ಡಕ. 'ಲಿಂಗ್ ಶಿಯು' (ಕೊರಳುಪಟ್ಟಿ, ತೋಳು) ಎಂದರೆ ನಾಯಕ. ಬಟ್ಟೆಯ ನೆನಪು ಬಳಕೆಯಲ್ಲಿ ಸವೆದಿದೆ, ಬಿಡಿಸಿ ತೋರಿಸಬೇಕಿಲ್ಲ. ತೋಳೊಳಗೆ ಕೈ ಇಟ್ಟು ಪಕ್ಕದಲ್ಲಿ ನಿಂತು ನೋಡುವ 'ಶಿಯು ಷೌ ಫಾಂಗ್ ಗುವಾನ್'ಗೆ 'ಕೈಕಟ್ಟಿ ಕುಳಿತು ನೋಡು' ಎನ್ನಿ. 'ಕೈಕಟ್ಟಿ ನಿಲ್ಲು' ವಿನಯವಾಗಿಬಿಡುತ್ತದೆ.

ಹೆಚ್ಚು ಎಡವುವುದು ಮಗ್ಗದ ಜೋಡಿಪದದಲ್ಲಿ. 'ಜಿಂಗ್' ಹಾಸು (ಮಗ್ಗದ ಉದ್ದದ ದಾರ), 'ವೇಯ್' ಹೊಕ್ಕು (ಅಡ್ಡದ ದಾರ). ಇವೇ ರೇಖಾಂಶ, ಅಕ್ಷಾಂಶಗಳ ಹೆಸರೂ ಹೌದು. 'ಜಿಂಗ್' ಎಂದರೆ ಪ್ರಮಾಣಗ್ರಂಥವೂ ಹೌದು. ಬೌದ್ಧ ಸೂತ್ರಗಳನ್ನು ಚೀನೀಗೆ ತಂದವರು ಇದೇ ಪದ ಹಿಡಿದರು, 'ಸೂತ್ರ' ಎಂದರೂ ದಾರವೇ, ಹಾಗಾಗಿ ಅಲ್ಲಿ ದಾರ ದಾರಕ್ಕೇ ಕೂಡಿತು. ಆದರೆ 'ಜಿಂಗ್ ವೇಯ್' ಜೋಡಿಯಾಗಿ ಬಂದಾಗ ಕ್ರಮ, ಆಡಳಿತದ ವ್ಯವಸ್ಥೆ ಎಂಬ ಅರ್ಥ. ನಮ್ಮ 'ಹಾಸುಹೊಕ್ಕು' ಎಲ್ಲೆಡೆ ಬೆರೆತುಹೋದದ್ದಕ್ಕೆ ಹೇಳುವ ಮಾತು, ವ್ಯವಸ್ಥೆಗಲ್ಲ. ರಾಜ್ಯಭಾರದ ಸಂದರ್ಭದಲ್ಲಿ 'ಕಟ್ಟುಪಾಡು' ಅಥವಾ 'ಏರ್ಪಾಡು' ಹಾಕಿ.