ಸ್ಕ್ರಾಲ್ ಆಗುವ ಪುಟದೊಳಗೆ ಸ್ಕ್ರಾಲ್ ಆಗುವ ಪಟ್ಟಿ: ಇಡುವುದು ಸರಿಯೇ?

ಪ್ರಶ್ನೆ

ನಾನು ಸಿದ್ಧಪಡಿಸುತ್ತಿರುವ ವೆಬ್ ಪುಟದ ನಡುವೆ ಸುಮಾರು 200 ಸಾಲುಗಳ ಪಟ್ಟಿಯೊಂದಿದೆ. ಪುಟ ತೀರಾ ಉದ್ದವಾಗಬಾರದೆಂದು ಅದರ ಎತ್ತರವನ್ನು 400 ಪಿಕ್ಸೆಲ್‌ಗೆ ಮಿತಿಗೊಳಿಸಿ, ಅದರೊಳಗೇ ಸ್ಕ್ರಾಲ್ ಆಗುವಂತೆ ಮಾಡಿದ್ದೇನೆ. ಆದರೆ ಪಟ್ಟಿಯ ಕೊನೆ ಮುಟ್ಟಿದ ಮೇಲೆ ಇಡೀ ಪುಟವೇ ಸರಿಯತೊಡಗುತ್ತದೆ. ಮೊಬೈಲಿನಲ್ಲಿ ಪುಟವನ್ನು ಸರಿಸಲು ಹೊರಟವರ ಬೆರಳು ಪಟ್ಟಿಯ ಮೇಲೆ ಬಿದ್ದರೆ ಪಟ್ಟಿ ಮಾತ್ರ ಚಲಿಸಿ ಪುಟ ಇದ್ದಲ್ಲೇ ಉಳಿಯುತ್ತದೆ. ಇದಕ್ಕೆ ಪರಿಹಾರವೇನೆಂದು ದಯವಿಟ್ಟು ತಿಳಿಸಿ.

ಉತ್ತರ 1

ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಸಿಎಸ್‌ಎಸ್‌ನ (ಪುಟದ ರೂಪವನ್ನು ನಿರ್ಧರಿಸುವ ಭಾಷೆ) ಒಂದು ಸಾಲು ಸಾಕು: ಪಟ್ಟಿಯ ಓವರ್‌ಸ್ಕ್ರಾಲ್-ಬಿಹೇವಿಯರ್ ಗುಣಕ್ಕೆ ಕಂಟೇನ್ ಎಂಬ ಮೌಲ್ಯ ಕೊಟ್ಟರೆ ಒಳಗಿನ ಚಲನೆ ಹೊರಗಿನ ಪುಟಕ್ಕೆ ದಾಟುವುದಿಲ್ಲ. ಕ್ರೋಮ್ ಇದನ್ನು 2017ರಿಂದ, ಸಫಾರಿ 2022ರ 16ನೇ ಆವೃತ್ತಿಯಿಂದ ಬೆಂಬಲಿಸುತ್ತಿವೆ.

ಆದರೆ ಇದೇ ಸಾಲು ನಿಮ್ಮ ಎರಡನೆಯ ತೊಂದರೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ಗಮನಿಸಿ. ಈಗ ಪಟ್ಟಿ ಮುಗಿದ ಮೇಲಾದರೂ ಪುಟ ಸರಿಯುತ್ತಿದೆ. ಆಗ ಅದೂ ನಿಂತುಹೋಗಿ, ಚಿಕ್ಕ ಪರದೆಯಲ್ಲಿ ಓದುಗರು ಪಟ್ಟಿಯಲ್ಲೇ ಸಿಕ್ಕಿಬೀಳುತ್ತಾರೆ. ಪುಟದ ಮೇಲೆ ತೆರೆದುಕೊಳ್ಳುವ ಡೈಲಾಗ್‌ಗೋ ಪಕ್ಕದ ಮೆನುವಿಗೋ ಕಂಟೇನ್ ಸೂಕ್ತ, ಏಕೆಂದರೆ ಅಲ್ಲಿ ಹಿಂದಿನ ಪುಟ ಅಲುಗಾಡಬಾರದು. ಪುಟದ ನಡುವಿನ ಪಟ್ಟಿಗೆ ನಾನು ಅದನ್ನು ಸೂಚಿಸಲಾರೆ. 200 ಸಾಲುಗಳು ಹೊರೆಯೇನಲ್ಲ. ಎತ್ತರದ ಮಿತಿಯನ್ನೇ ತೆಗೆದು, ಮೇಲೊಂದು ಹುಡುಕು ಪೆಟ್ಟಿಗೆಯನ್ನು ಇಡಿ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಮಿತಿಯನ್ನು ಉಳಿಸಿಕೊಳ್ಳಲೇಬೇಕಾದರೆ ಕೀಬೋರ್ಡ್ ಮಾತ್ರ ಬಳಸುವವರನ್ನು ದಯವಿಟ್ಟು ಮರೆಯಬೇಡಿ. ಪಟ್ಟಿಯೊಳಗೆ ಲಿಂಕ್ ಅಥವಾ ಬಟನ್ ಇಲ್ಲದಿದ್ದರೆ ಟ್ಯಾಬ್ ಒತ್ತಿದಾಗ ಫೋಕಸ್ (ಕೀಲಿಗಳಿಗೆ ಸ್ಪಂದಿಸುವ ಜಾಗ) ಅದನ್ನು ದಾಟಿ ಮುಂದೆ ಹೋಗಬಹುದು, ಆಗ ಕೆಳಗಿನ ಸಾಲುಗಳು ಅವರಿಗೆ ಸಿಗುವುದೇ ಇಲ್ಲ. ಇಂಥ ಪಟ್ಟಿಗಳಿಗೆ ತಾನಾಗಿಯೇ ಫೋಕಸ್ ಕೊಡುವುದನ್ನು ಕ್ರೋಮ್ ಆರಂಭಿಸಿದ್ದು 2024ರಲ್ಲಷ್ಟೇ. ಆದ್ದರಿಂದ ಟ್ಯಾಬ್ ಕೀಲಿ ಪಟ್ಟಿಯನ್ನು ತಲುಪುವಂತೆ ಅದಕ್ಕೆ ಟ್ಯಾಬ್‌ಇಂಡೆಕ್ಸ್ 0 ಎಂದು ನೀವೇ ಬರೆದು, ಸ್ಕ್ರೀನ್ ರೀಡರ್ ಓದಿ ಹೇಳಬಲ್ಲ ಹೆಸರೊಂದನ್ನೂ ಕೊಡಿ. ಸ್ಕ್ರಾಲ್‌ಬಾರ್ ಮರೆಯಾಗಿರುವ ಸಾಧನಗಳಿಗಾಗಿ ಎತ್ತರವನ್ನು ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿದಂತೆ ಕಾಣುವ ಹಾಗೆ ಹೊಂದಿಸಿದರೆ ಕೆಳಗೆ ಇನ್ನೂ ಇದೆಯೆಂದು ಗೊತ್ತಾಗುತ್ತದೆ. ಮುದ್ರಣದ ಸ್ಟೈಲ್‌ನಲ್ಲಿ ಮಿತಿಯನ್ನು ತೆಗೆಯಿರಿ. ಇಲ್ಲವಾದರೆ ಕಾಗದದ ಮೇಲೆ ಬರುವುದು ಕಂಡಷ್ಟು ಭಾಗ ಮಾತ್ರ.

ಪ್ರಶ್ನೆ ಕೇಳಿದವರು

ಮಿತಿಯನ್ನು ತೆಗೆದಿದ್ದೇನೆ, ಈಗ ಪುಟ ಸರಾಗವಾಗಿದೆ. ಇಬ್ಬರಿಗೂ ಧನ್ಯವಾದಗಳು. ಅದೇ ಪುಟದಲ್ಲಿ 12 ಕಾಲಂಗಳ ಕೋಷ್ಟಕವೊಂದಿದ್ದು, ಅದನ್ನು ಅಡ್ಡಕ್ಕೆ ಸ್ಕ್ರಾಲ್ ಆಗುವಂತೆ ಮಾಡಿದರೆ ಇದೇ ತೊಡಕು ಮರಳುವುದೇ?

ಉತ್ತರ 1

ಇಲ್ಲ. ಪುಟ ಮೇಲೆ ಕೆಳಗೆ, ಕೋಷ್ಟಕ ಎಡ ಬಲಕ್ಕೆ ಚಲಿಸುವುದರಿಂದ ಎರಡಕ್ಕೂ ಘರ್ಷಣೆಯಿಲ್ಲ. ಒಂದೇ ಎಚ್ಚರಿಕೆ: ಅಡ್ಡ ದಿಕ್ಕಿಗೆ ಓವರ್‌ಫ್ಲೋ ಆಟೊ (ಹಿಡಿಸದಿದ್ದರೆ ಒಳಗೇ ಸ್ಕ್ರಾಲ್ ಆಗಲಿ) ಎಂದಾಗ ಲಂಬ ದಿಕ್ಕಿನದೂ ತಾನಾಗಿ ಆಟೊ ಆಗುತ್ತದೆ. ಹೀಗಾಗಿ ಕೋಷ್ಟಕದ ಶೀರ್ಷಿಕೆ ಸಾಲಿಗೆ ಸ್ಟಿಕಿ (ಸ್ಕ್ರಾಲ್ ಮಾಡಿದರೂ ಅಂಚಿಗೆ ಅಂಟಿಕೊಂಡಿರುವ ಗುಣ) ಕೊಟ್ಟಿದ್ದರೆ ಅದು ಪುಟದ ಬದಲು ಆ ಒಳಚೌಕಟ್ಟಿಗೆ ಅಂಟಿಕೊಂಡು, ಪುಟ ಸರಿದಾಗ ಕಣ್ಮರೆಯಾಗುತ್ತದೆ. ಮೊದಲ ಕಾಲಂ ಅನ್ನು ಎಡಕ್ಕೆ ಸ್ಟಿಕಿ ಮಾಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.